ಕಡಲ ಹೂ ಸಾಕಿದ ಫಿಲಿಪ್ ಗಾಸ್

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಭದ್ರಾವತಿಯ ಒಂದು ಪ್ರೌಢಶಾಲೆ. ದಿನಾ ಶಿವಮೊಗ್ಗದಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಒಂಬತ್ತನೇ ತರಗತಿಗೆ ಕುಟುಕು ಕಣವಂತ ಜೀವಿಗಳ ಪಾಠ. ಪಾಠ ಯೋಜನೆಯ ಬೋಧನೋಪಕರಣದ ಕಲಂನಲ್ಲಿ ಜೀವಂತ ಸೀ ಅನಿಮೋನ್ ಎಂದು ಧೈರ್ಯವಾಗಿ ಬರೆದಿದ್ದೆ. ಧೈರ್ಯಕ್ಕೆ ಕಾರಣ ನ್ಯೂಟೌನ್‌ನಲ್ಲಿರುವ ನಮ್ಮ ದೊಡ್ಡಮ್ಮನ ಮಗ. ಅವನ ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇದೆ. ಆ ವಾರವಷ್ಟೇ ಅದಕ್ಕೊಂದು ಅನಿಮೋನ್ ತಂದು ಬಿಟ್ಟಿದ್ದ.

ಪಾಠದ ಹಿಂದಿನ ಸಂಜೆ ಹೋಗಿ ನೋಡಿದರೆ, ಅದು ಕೂರಿಸಿದ ಕಲ್ಲನ್ನು ಬಿಟ್ಟು ಸರಿದು, ನೀರು ತಿರುಗಿಸುವ ಪಂಪಿನ ಬಾಯಿಗೆ ಸಿಕ್ಕಿ ಹರಿದುಹೋಗಿತ್ತು. ಹೊಸ ಅನಿಮೋನ್ ತನಗೆ ಒಗ್ಗುವ ಬೆಳಕು, ನೀರಿನ ಹರಿವು ಸಿಗುವ ತನಕ ಅಲೆಯುತ್ತದೆ. ಮೊದಲೇ ಪಂಪಿಗೆ ಜಾಲರಿ ಕಟ್ಟಿರಬೇಕು. ಟ್ಯಾಂಕಿನ ನೀರು ಎಷ್ಟೋ ತಿಂಗಳು ನೆಲೆಗೊಂಡ ಮೇಲೆಯೇ ಅದನ್ನು ಬಿಡಬೇಕು. ಅಣ್ಣನ ಟ್ಯಾಂಕಿಗೆ ಎರಡೇ ತಿಂಗಳು. ಇದೆಲ್ಲ ನಮಗಿಬ್ಬರಿಗೂ ತಿಳಿದದ್ದು ಆಮೇಲೆ ಓದಿ. ಸತ್ತ ಅನಿಮೋನ್ ನೀರನ್ನೇ ಕೆಡಿಸಿ ಮೀನುಗಳನ್ನೂ ಕೊಲ್ಲಬಹುದೆಂದು ಅಂದೇ ರಾತ್ರಿ ತೆಗೆದು ಹಾಕಿದೆವು. ಮಾರ್ಗದರ್ಶಕ ಮೇಡಂ ನನ್ನ ಮುಖ ನೋಡಿ ಪಾಠವನ್ನು ಮುಂದಿನ ವಾರಕ್ಕೆ ಹಾಕಿದರು. ಆ ವಾರ ಓದುವಾಗ ಸಿಕ್ಕವರು ಫಿಲಿಪ್ ಹೆನ್ರಿ ಗಾಸ್. ಅನಿಮೋನ್ ಇಲ್ಲದ ತರಗತಿಗೆ ಅವರ ಕಥೆಯನ್ನೇ ಒಯ್ದೆ.

ಗಾಸ್ ಹುಟ್ಟಿದ್ದು 1810ರಲ್ಲಿ, ಇಂಗ್ಲೆಂಡಿನ ವೂಸ್ಟರ್‌ನಲ್ಲಿ. ಬೆಳೆದದ್ದು ಪೂಲ್ ಎಂಬ ಬಂದರಿನಲ್ಲಿ. ತಂದೆ ಊರೂರು ತಿರುಗಿ ಪುಟ್ಟ ಭಾವಚಿತ್ರ ಬರೆಯುವವರು. ಸಮುದ್ರದ ಅಂಚಿನಲ್ಲಿ ಸಿಕ್ಕ ಕಡಲ ಹೂಗಳನ್ನು ಹುಡುಗ ತಂದಾಗ, ಅವನ್ನು ಹೊಸ ಕಡಲನೀರಿನ ಪಾತ್ರೆಯಲ್ಲಿ ಜೀವಂತವಾಗಿಟ್ಟು ನೋಡಲು ಹೇಳಿಕೊಟ್ಟವರು ಸೋದರತ್ತೆ ಸೂಸನ್ ಬೆಲ್. ಆ ಅತ್ತೆ ಯಾವ ಬಿ.ಇಡಿ.ಯನ್ನೂ ಮಾಡಿರಲಿಲ್ಲ. ನನ್ನ ಪಾಠ ಯೋಜನೆಗಳ ಫೈಲು ನೆನಪಾಗಿ ಸ್ವಲ್ಪ ನಾಚಿಕೆಯಾಯಿತು.

ಹದಿನೈದರ ವಯಸ್ಸಿಗೇ ಗುಮಾಸ್ತಿಕೆ. 1827ರಲ್ಲಿ ಅದೇ ಕೆಲಸಕ್ಕೆ ನ್ಯೂಫೌಂಡ್‌ಲೆಂಡಿಗೆ ಹಡಗು ಹತ್ತಿದರು. ಅಲ್ಲಿ 1832ರಲ್ಲಿ ಸೂಕ್ಷ್ಮದರ್ಶಕದ ಬಗೆಗಿನ ಒಂದು ಪುಸ್ತಕ ಕೊಂಡು, ಕೀಟಗಳ ಹಿಂದೆ ಬಿದ್ದರು. ಮುಂದೆ ಕೆನಡಾದಲ್ಲಿ ಬೇಸಾಯ ಮಾಡಿ ಕೈ ಸುಟ್ಟುಕೊಂಡರು. 1838ರಲ್ಲಿ ಅಮೆರಿಕದ ಅಲಬಾಮದಲ್ಲಿ ತೋಟದ ಮಾಲೀಕರ ಮಕ್ಕಳಿಗೆ ಮೇಷ್ಟ್ರಾದರು. ಬಿಡುವಿನಲ್ಲಿ ಕೀಟಗಳ ಚಿತ್ರ ಬರೆದರು. ಗುಲಾಮರ ಪಾಡು ನೋಡಲಾರದೆ ಕೆಲವೇ ತಿಂಗಳಲ್ಲಿ ಊರಿಗೆ ಮರಳಿದರು. ಇಂಗ್ಲೆಂಡಿನಲ್ಲೂ ಒಂದು ಪುಟ್ಟ ಶಾಲೆ ನಡೆಸಿದರು. ಮೇಷ್ಟ್ರುಗಿರಿ ಅವರಿಗೆ ಹೊಟ್ಟೆಪಾಡು. ಅಷ್ಟು ದೊಡ್ಡದಾಗಿ ಹೇಳುವಂಥದ್ದೇನೂ ಅಲ್ಲ.

1852ರಲ್ಲಿ ದುಡಿದು ದುಡಿದು ಆರೋಗ್ಯ ಕೆಟ್ಟು, ಹೆಂಡತಿ ಎಮಿಲಿ ಮತ್ತು ಪುಟ್ಟ ಮಗ ಎಡ್ಮಂಡ್‌ನನ್ನು ಕರೆದುಕೊಂಡು ಡೆವನ್ ಕರಾವಳಿಗೆ ಹೋದರು. ಕಥೆ ತಿರುಗುವುದು ಇಲ್ಲಿ. ಇಳಿತದ ಹೊತ್ತಿಗೆ ಬಂಡೆಗಳ ನಡುವೆ ಉಳಿಯುವ ಹೊಂಡಗಳಿಂದ ಕಡಲ ಹೂಗಳನ್ನು ತಂದು ಗಾಜಿನ ಪಾತ್ರೆಗಳಲ್ಲಿ ಸಾಕಿದರು. ಆಗ ವಿದ್ಯುತ್ ಪಂಪ್ ಎಲ್ಲಿತ್ತು! ಅವರು ನೆಚ್ಚಿದ್ದು ಕಡಲ ಪಾಚಿಯನ್ನು. ಬೆಳಕಿನಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ, ಪ್ರಾಣಿ ಅದನ್ನು ಉಸಿರಾಡುತ್ತದೆ. ದ್ಯುತಿಸಂಶ್ಲೇಷಣೆಯ ಪಾಠವನ್ನು ಮಕ್ಕಳಿಂದಲೇ ಹೊರಡಿಸಲು ನನಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗಲಿಲ್ಲ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕ ಅಕ್ವೇರಿಯಂ ತೆರೆದಾಗ ಅದಕ್ಕೆ ಜೀವಿಗಳನ್ನು ಒದಗಿಸಿದವರಲ್ಲಿ ಗಾಸ್ ಕೂಡ ಒಬ್ಬರು. ಅಕ್ವೇರಿಯಂ ಎಂಬ ಹೆಸರು ಜನರ ಬಾಯಿಗೆ ಬಂದದ್ದು ಅವರ 1854ರ ಪುಸ್ತಕದಿಂದ.

ಕಡಲಿನಿಂದ ದೂರ ಇರುವವರು ಏನು ಮಾಡಬೇಕು? ಗಾಸ್ ಅದಕ್ಕೂ ದಾರಿ ಹುಡುಕಿದರು. ರಸಾಯನಶಾಸ್ತ್ರಜ್ಞರು ಮಾಡಿದ್ದ ಕಡಲನೀರಿನ ವಿಶ್ಲೇಷಣೆಯನ್ನು ಹಿಡಿದು, ತೀರಾ ಕಡಿಮೆ ಇರುವ ಅಂಶಗಳನ್ನು ಬಿಟ್ಟು, ಅಡುಗೆ ಉಪ್ಪು, ಮೆಗ್ನೀಷಿಯಂ ಸಲ್ಫೇಟ್, ಮೆಗ್ನೀಷಿಯಂ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿ ನೀರು ತಯಾರಿಸಿದರು. ಮೊದಲು ಪಾಚಿ, ಅದು ನೀರಿಗೆ ಹೊಂದಿಕೊಂಡ ಮೇಲೆ ಪ್ರಾಣಿ. ಅಣ್ಣ ಪ್ಯಾಕೆಟ್ ಉಪ್ಪು ಬೆರೆಸಿ, ಸಾಪೇಕ್ಷ ಸಾಂದ್ರತೆ 1.025 ಬರುವವರೆಗೆ ಅಳೆಯುತ್ತಾ ಕೂರುವುದು ಈ ದಾರಿಯ ಮುಂದುವರಿಕೆಯೇ. ಆದರೆ ಕಾಯುವ ಭಾಗವನ್ನು ನಾವು ಬಿಟ್ಟುಬಿಟ್ಟಿದ್ದೆವು.

1857 ಅವರಿಗೆ ಕೆಟ್ಟ ವರ್ಷ. ಎಮಿಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಸೃಷ್ಟಿಗೂ ಭೂವಿಜ್ಞಾನಕ್ಕೂ ಗಂಟು ಹಾಕಲು ಬರೆದ ಪುಸ್ತಕವನ್ನು ವಿಜ್ಞಾನಿಗಳೂ ಒಪ್ಪಲಿಲ್ಲ, ಧರ್ಮನಿಷ್ಠರೂ ಒಪ್ಪಲಿಲ್ಲ. ಮಗನನ್ನು ಕರೆದುಕೊಂಡು ಡೆವನ್‌ಗೆ ಹೋಗಿ ನೆಲೆಸಿದ ಗಾಸ್, 1860ರ ಹೊತ್ತಿಗೆ ಬ್ರಿಟನ್ನಿನ ಕಡಲ ಹೂಗಳ ಬಗ್ಗೆ ದೊಡ್ಡ ಗ್ರಂಥವನ್ನು ಮುಗಿಸಿದರು. ಬಣ್ಣದ ಚಿತ್ರಗಳೂ ಅವರವೇ. ತಂದೆಯಿಂದ ಬಂದ ಕೈ.

ಅಷ್ಟರಲ್ಲಿ ಅವರ ಪುಸ್ತಕಗಳನ್ನು ಓದಿದ ಜನ ಬುಟ್ಟಿ, ಉಳಿ ಹಿಡಿದು ಕರಾವಳಿಗೆ ಇಳಿದಿದ್ದರು. ಮನೆಮನೆಯಲ್ಲೂ ಗಾಜಿನ ತೊಟ್ಟಿ. ಅವರು ಮೊದಲು ಕಂಡ ಬಂಡೆಯ ಹೊಂಡಗಳು ಬರಿದಾದವು. ಇದಕ್ಕೆ ತನ್ನ ಪುಸ್ತಕಗಳೇ ಕಾರಣವೆಂದು ತಂದೆಗೆ ತಿಳಿದಿತ್ತು, ಅದರಿಂದ ಅವರು ಬಹಳ ನೊಂದರು ಎಂದು ಎಡ್ಮಂಡ್ 1907ರಲ್ಲಿ ಬರೆದಿದ್ದಾರೆ. ಗಾಸ್ 1888ರಲ್ಲಿ ತೀರಿಕೊಂಡರು.

ತರಗತಿಯಲ್ಲಿ ಇಷ್ಟು ಹೇಳಿ ಹಲಗೆಯ ಮೇಲೆ ಅನಿಮೋನ್ ಚಿತ್ರ ಬರೆಯುತ್ತಿದ್ದಾಗ, ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಮ್ಮ ಅಣ್ಣನ ಅನಿಮೋನ್ ಎಲ್ಲಿಂದ ಬಂದದ್ದು ಮಿಸ್ ಎಂದು ಕೇಳಿದಳು. ಅಂಗಡಿಯಿಂದ ಎಂದೆ. ಅಂಗಡಿಗೆ ಎಲ್ಲಿಂದ ಎಂದಳು. ನಾಳೆ ಹೇಳುತ್ತೇನೆ ಎಂದು ಕೂರಿಸಿದೆ. ಹಿಂದೆ ಕೂತಿದ್ದ ಮೇಡಂ ವೀಕ್ಷಣಾ ಪುಸ್ತಕದಲ್ಲಿ ಏನೋ ಬರೆದುಕೊಂಡರು.

ಸಂಜೆ ಬಸ್‌ಸ್ಟ್ಯಾಂಡಿನಿಂದಲೇ ಅಣ್ಣನಿಗೆ ಫೋನ್ ಮಾಡಿದೆ. ಅವನೂ ಅಂಗಡಿಯವರನ್ನು ಕೇಳಿರಲಿಲ್ಲ.