ಏಳು ತಂತಿಯ ಚೌಡಯ್ಯ

ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಚೌಡಯ್ಯ ಹಾಲ್ ಇದೆ ಅಂತ ನಮಗೆಲ್ಲ ಗೊತ್ತು. ನಾಟಕಕ್ಕೋ ಕಾರ್ಯಕ್ರಮಕ್ಕೋ ನಮ್ಮಲ್ಲಿ ಕೆಲವರು ಒಳಗೂ ಹೋಗಿ ಬಂದಿದ್ದೀವಿ. ಆದ್ರೆ ಚೌಡಯ್ಯ ಯಾರು, ಅವರ ಪಿಟೀಲು ಹೇಗೆ ಕೇಳಿಸ್ತಿತ್ತು ಅಂದ್ರೆ ಸುಮ್ಮನಾಗ್ತೀವಿ. ಎಂಜಿನಿಯರಿಂಗ್ ಓದೋ ನಾವಂತೂ ಸುಮ್ಮನಿರಬಾರದು. ಯಾಕಂದ್ರೆ ಅವರ ಬದುಕಿನ ದೊಡ್ಡ ಸಾಧನೆಯಲ್ಲಿ ಒಂದು ಎಂಜಿನಿಯರಿಂಗ್ ಸಮಸ್ಯೆ ಇದೆ.

ನಂಜನಗೂಡಿನ ಶ್ರೀಕಂಠೇಶ್ವರನ ಊರನ್ನು ದಾಟಿ ಹರಿಯುವ ಕಪಿಲಾ, ಮುಂದೆ ಟಿ. ನರಸೀಪುರದಲ್ಲಿ ಕಾವೇರಿಯನ್ನು ಸೇರ್ತಾಳೆ. ಆ ಸಂಗಮದ ಪಕ್ಕದ ಊರೇ ತಿರುಮಕೂಡಲು. ಅಲ್ಲಿ ಅಗಸ್ತ್ಯೇಗೌಡ ಮತ್ತು ಸುಂದರಮ್ಮ ದಂಪತಿಗೆ 1895ರ ಜನವರಿ 1ರಂದು ಚೌಡಯ್ಯ ಹುಟ್ಟಿದರು. ಮುಂದೆ ತಾವೇ ಕೃತಿಗಳನ್ನು ರಚಿಸಿದಾಗ ‘ತ್ರಿಮಕುಟ’ ಅನ್ನೋ ಅಂಕಿತ ಇಟ್ಟುಕೊಂಡರು. ಊರಿನ ಹೆಸರು ಅವರನ್ನು ಬಿಡಲಿಲ್ಲ.

1910ರ ಹೊತ್ತಿಗೆ ಅವರು ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಕೃಷ್ಣಪ್ಪನವರು ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದ ಹೆಸರಾಂತ ಗಾಯಕರು, ಶಿಸ್ತಿನ ಗುರು. ಅವರ ಬಳಿ ಸುಮಾರು ಎಂಟು ವರ್ಷ ಕಠಿಣ ಅಭ್ಯಾಸ ನಡೀತು. ಗುರು ಹಾಡುಗಾರರು, ಶಿಷ್ಯ ಪಿಟೀಲುಗಾರ. ಹಾಗಾಗಿ ಹಾಡುವವರ ಉಸಿರು ಎಲ್ಲಿ ನಿಲ್ಲುತ್ತೆ, ಸಾಹಿತ್ಯದ ಪದ ಎಲ್ಲಿ ಒಡೆಯುತ್ತೆ ಅನ್ನೋದು ಅವರ ಕೈಗೆ ಚೆನ್ನಾಗಿ ಇಳಿದಿತ್ತು. 1920ರ ದಶಕ ಮುಗಿಯೋ ಹೊತ್ತಿಗೆ ದೊಡ್ಡ ಗಾಯಕರ ಪಕ್ಕದಲ್ಲಿ ಕೂರುವ ಪಕ್ಕವಾದ್ಯಗಾರರಾಗಿ ಹೆಸರು ಮಾಡಿದ್ದರು.

ಸಮಸ್ಯೆ ಶುರುವಾಗಿದ್ದೇ ಅಲ್ಲಿ. ಆಗ ಕಛೇರಿಗಳಲ್ಲಿ ಮೈಕ್ ಇರಲಿಲ್ಲ. ಜನ ಮಾತ್ರ ನೂರಾರು. ಗಂಟಲು ತೆರೆದು ಹಾಡೋ ಗಾಯಕ ಒಂದು ಕಡೆ, ಮೃದಂಗ ಇನ್ನೊಂದು ಕಡೆ. ಮಧ್ಯೆ ನಾಲ್ಕು ತಂತಿಯ ಪಿಟೀಲು ಹಿಂದಿನ ಸಾಲಿನವರಿಗೆ ಸರಿಯಾಗಿ ಕೇಳಿಸ್ತಾನೇ ಇರಲಿಲ್ಲ. ಚೌಡಯ್ಯನವರು ಇದಕ್ಕೆ ವಾದ್ಯದಲ್ಲೇ ಪರಿಹಾರ ಹುಡುಕಿದರು. ಮೂರು ತಂತಿಗಳ ಪಕ್ಕಕ್ಕೆ ಅದೇ ಸ್ವರದ ಒಂದೊಂದು ಜೊತೆ ತಂತಿ ಸೇರಿಸಿ, ಏಳು ತಂತಿಯ ಪಿಟೀಲು ಮಾಡಿಕೊಂಡರು.

ಕೇಳೋಕೆ ಸುಲಭ ಅನ್ಸುತ್ತೆ, ಆದ್ರೆ ಸ್ವಲ್ಪ ಲೆಕ್ಕ ಹಾಕಿ ನೋಡೋಣ. ತಂತಿ ಹೆಚ್ಚಾದಷ್ಟೂ ಕುದುರೆಯ ಮೇಲೆ ಒತ್ತಡ ಜಾಸ್ತಿ. ಎಡಗೈ ಬೆರಳು ಒಂದೇ ಸಲಕ್ಕೆ ಎರಡು ತಂತಿ ಒತ್ತಬೇಕು, ಕಮಾನು ಎರಡನ್ನೂ ಸಮನಾಗಿ ಹಿಡಿಯಬೇಕು. ಒಂದರ ಶ್ರುತಿ ಕೂದಲೆಳೆಯಷ್ಟು ಜಾರಿದರೂ ಅಪಸ್ವರ ಕಿವಿಗೆ ಹೊಡೆಯುತ್ತೆ. ಇಷ್ಟು ಕಷ್ಟಪಟ್ಟು ಎರಡು ತಂತಿ ಒಂದೇ ಜೋರಿನಲ್ಲಿ ನುಡಿದರೂ, ಶಕ್ತಿ ಎರಡರಷ್ಟಾದಾಗ ಸಿಗೋದು ಬರೀ 3 ಡೆಸಿಬಲ್. ಆದ್ರೆ ಎರಡು ತಂತಿಗಳು ಯಾವತ್ತೂ ಪೂರ್ತಿ ಒಂದೇ ಥರ ನುಡಿಯಲ್ಲ. ಆ ಸಣ್ಣ ವ್ಯತ್ಯಾಸದಿಂದ ನಾದ ದಪ್ಪ ಆಗುತ್ತೆ. ಒಬ್ಬರು ಹಾಡೋದಕ್ಕೂ ಇಬ್ಬರು ಸೇರಿ ಹಾಡೋದಕ್ಕೂ ಇರೋ ವ್ಯತ್ಯಾಸದ ಹಾಗೆ.

ಎಲ್ಲರೂ ಇದನ್ನು ಒಪ್ಪಲಿಲ್ಲ. ಪಿಟೀಲಿಗೆ ನಾಲ್ಕೇ ತಂತಿ ಸರಿ ಅಂತ ಟೀಕಿಸಿದವರು ಇದ್ದರು. ಆಮೇಲೆ ಸಭೆಗಳಿಗೆ ಮೈಕ್ ಬಂತು. ಯಾವ ಸಮಸ್ಯೆಗೆ ಅಷ್ಟು ಶ್ರಮಪಟ್ಟರೋ, ಆ ಸಮಸ್ಯೆಯೇ ಅವರ ಜೀವಿತಕಾಲದಲ್ಲೇ ಕರಗಿಹೋಯಿತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಅವರ ಡಿಸೈನ್ ಔಟ್‌ಡೇಟೆಡ್ ಆಯ್ತು. ಆದರೂ ಅವರು ಏಳು ತಂತಿ ಬಿಡಲಿಲ್ಲ. ಜೋರಾಗಿ ಕೇಳಲಿ ಅಂತ ಹುಟ್ಟಿದ ಆ ನಾದ ಅಷ್ಟೊತ್ತಿಗೆ ಅವರದೇ ದನಿ ಆಗಿಬಿಟ್ಟಿತ್ತು ಅಂತ ನಮಗನ್ಸುತ್ತೆ.

ಆ ದನಿ ದೂರ ದೂರಕ್ಕೂ ಹೋಯಿತು. ಚೆಂಬೈ ವೈದ್ಯನಾಥ ಭಾಗವತರ ಹಾಡು, ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗ, ಚೌಡಯ್ಯನವರ ಪಿಟೀಲು ಸೇರಿದ ಕಛೇರಿ ಅಂದ್ರೆ ಜನ ಕಾದು ಕೂರ್ತಿದ್ದರು. ಮೈಸೂರಿನಲ್ಲಿ ಸಂಗೀತ ಕಾಲೇಜು ನಡೆಸಿದರು, 1943ರಲ್ಲಿ ‘ವಾಣಿ’ ಅನ್ನೋ ಕನ್ನಡ ಸಿನಿಮಾವನ್ನೂ ನಿರ್ಮಿಸಿದರು. 1957ರಲ್ಲಿ ಮದ್ರಾಸ್ ಮ್ಯೂಸಿಕ್ ಅಕಾಡೆಮಿಯ ‘ಸಂಗೀತ ಕಲಾನಿಧಿ’ ಬಿರುದು ಬಂತು. 1967ರ ಜನವರಿ 19ರಂದು ತೀರಿಕೊಂಡರು.

ಈಗ ಉಳಿದಿರೋದು ಹಳೆಯ ರೆಕಾರ್ಡಿಂಗ್‌ಗಳು. ರೆಕಾರ್ಡಿಂಗ್ ಎಷ್ಟು ಮುಖ್ಯ ಅನ್ನೋದಕ್ಕೆ ಮೈಸೂರಿನಲ್ಲೇ ಇನ್ನೊಂದು ಉದಾಹರಣೆ ಇದೆ. ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯಾದ ಪಿಯಾನೋ ವಾದಕ ನಿಕೊಲಾಯ್ ಮೆಟ್ನರ್ ವಯಸ್ಸಾಗಿ, ಎಲ್ಲರೂ ಮರೆಯುತ್ತಿದ್ದ ಹೊತ್ತಿನಲ್ಲಿ, ಅವರ ವಾದನದ ರೆಕಾರ್ಡ್ ಮಾಡಿಸೋಕೆ ಹಣ ಕೊಟ್ಟಿದ್ದು ನಮ್ಮ ಜಯಚಾಮರಾಜ ಒಡೆಯರ್. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕನ್ಸರ್ಟೋವನ್ನು ಮಹಾರಾಜರಿಗೇ ಅರ್ಪಿಸಿದರು. ಆ ರೆಕಾರ್ಡ್‌ಗಳು ಇರೋದ್ರಿಂದಲೇ ಇವತ್ತು ಜಗತ್ತು ಮೆಟ್ನರ್ ಕೈಯನ್ನು ಕೇಳ್ತಿದೆ.

ಚೌಡಯ್ಯನವರನ್ನೂ ಹಾಗೇ ಕೇಳಬಹುದು. ಹಳೆಯ 78 ಆರ್‌ಪಿಎಂ ತಟ್ಟೆಯ ಒಂದು ಬದಿಗೆ ಹಿಡಿಸ್ತಿದ್ದಿದ್ದು ಮೂರು ಚಿಲ್ಲರೆ ನಿಮಿಷ ಮಾತ್ರ, ಹಾಗಾಗಿ ಉದ್ದನೆಯ ಕಛೇರಿಯ ರೆಕಾರ್ಡಿಂಗ್ ಹುಡುಕೋದು ಒಳ್ಳೇದು. ಮೊದಲ ಐದು ನಿಮಿಷ ಬರೀ ಗೊರಗೊರ ಸದ್ದೇ ಕೇಳಿಸುತ್ತೆ. ಬೇಜಾರಾಗಿ ಆಫ್ ಮಾಡಬೇಡಿ, ಕಿವಿ ತಾನಾಗೇ ಆ ನಾಯ್ಸ್ ಅನ್ನು ಬದಿಗೆ ಸರಿಸುತ್ತೆ. ಗಾಯಕರು ಒಂದು ಸಂಗತಿ ಮುಗಿಸಿದ ಕೂಡಲೇ ಪಿಟೀಲು ಏನು ಮಾಡುತ್ತೆ, ಆ ನಾದ ಎಷ್ಟು ದಪ್ಪ ಇದೆ ಅಂತ ಗಮನಿಸಿ. ಕೊನೇ ಸಾಲಿನವರಿಗೂ ಕೇಳಿಸಲಿ ಅಂತ ಏಳು ತಂತಿ ಕಟ್ಟಿದವರು ಅವರು. ಅವರು ಹೋಗಿ ಇಷ್ಟು ವರ್ಷ ಆದಮೇಲೆ ಇಯರ್‌ಫೋನ್ ಹಾಕಿಕೊಂಡು ಹಾಸ್ಟೆಲಿನಲ್ಲಿ ಕೂತಿರೋ ನಾವೇ ಈಗ ಆ ಕೊನೇ ಸಾಲು.