ಅರ್ಥವನ್ನು ಹೊರಗಿಟ್ಟ ಶಾನನ್

ಅಮೆರಿಕದ ಮಿಷಿಗನ್ ರಾಜ್ಯದ ಗೇಲಾರ್ಡ್ ಎಂಬ ಸಣ್ಣ ಊರಿನಲ್ಲಿ ಬೆಳೆದ ಕ್ಲಾಡ್ ಶಾನನ್ (1916–2001) ಬಾಲ್ಯದಲ್ಲೇ ಮುಳ್ಳುತಂತಿಯನ್ನು ಬಳಸಿ ಅರ್ಧ ಮೈಲಿ ದೂರದ ಗೆಳೆಯನ ಮನೆಗೆ ಟೆಲಿಗ್ರಾಫ್ ಸಂಪರ್ಕ ಕಲ್ಪಿಸಿದ್ದರು. ಬೆಲ್ ಪ್ರಯೋಗಾಲಯದಲ್ಲಿದ್ದಾಗ, 1948ರ ಪ್ರಬಂಧದಲ್ಲಿ ಅವರು ಸಂವಹನವನ್ನು ಏಕಮುಖ ರೇಖೆಯಾಗಿ ಚಿತ್ರಿಸಿದರು: ಮೂಲ, ಪ್ರೇಷಕ, ಮಾರ್ಗ, ಗ್ರಾಹಕ, ಗಮ್ಯ, ನಡುವೆ ಅಡ್ಡಬರುವ ಗದ್ದಲ.

ಸಂದೇಶದ ಅರ್ಥವನ್ನು ಅವರು ಉದ್ದೇಶಪೂರ್ವಕವಾಗಿ ಹೊರಗಿಟ್ಟರು. ಆ ಮಾದರಿಯ ಬಲವೂ ಅದೇ. ಮಾಹಿತಿಯನ್ನು ಬಿಟ್‌ಗಳಲ್ಲಿ ಅಳೆಯುವುದು ಸಾಧ್ಯವಾಯಿತು. ಮಾರ್ಗದ ಸಾಮರ್ಥ್ಯವನ್ನು ಮೀರದಿದ್ದರೆ, ಸೂಕ್ತ ಸಂಕೇತಗಳ ಮೂಲಕ ಗದ್ದಲದ ನಡುವೆಯೂ ದೋಷವನ್ನು ಬಯಸಿದಷ್ಟು ತಗ್ಗಿಸಬಹುದೆಂದು ಅವರು ಸಾಧಿಸಿ ತೋರಿಸಿದರು. ಇಂದಿನ ಮೊಬೈಲ್ ಹಾಗೂ ಉಪಗ್ರಹ ಸಂಪರ್ಕಗಳಿಗೆ ಇದೇ ತಳಹದಿ.

ಮಿತಿಯೂ ಅಲ್ಲೇ ಅಡಗಿತ್ತು. 1949ರಲ್ಲಿ ವಾರೆನ್ ವೀವರ್ ಅವರ ವಿವರಣೆಯೊಡನೆ ಪ್ರಬಂಧವು ಪುಸ್ತಕವಾದ ಬಳಿಕ, ತಂತಿಗಾಗಿ ರೂಪಿಸಿದ ಮಾದರಿಯನ್ನು ಮನುಷ್ಯರ ಮಾತುಕತೆಗೂ ಅನ್ವಯಿಸುವ ಉತ್ಸಾಹ ಹಬ್ಬಿತು. ಮನಃಶಾಸ್ತ್ರ, ಅರ್ಥಶಾಸ್ತ್ರಗಳಿಗೆ ತಮ್ಮ ಸಿದ್ಧಾಂತವನ್ನು ಅವಸರದಿಂದ ಅಂಟಿಸುವುದು ತರವಲ್ಲವೆಂದು ಸ್ವತಃ ಶಾನನ್ 1956ರಲ್ಲಿ ಎಚ್ಚರಿಸಿದರು. ಕೊನೆಯ ವರ್ಷಗಳಲ್ಲಿ ಆಲ್‌ಝೈಮರ್ ಕಾಯಿಲೆ ಅವರ ನೆನಪನ್ನೇ ಕಸಿದುಕೊಂಡಿತು.

ಆಡಳಿತದಲ್ಲಿದ್ದ ನಮ್ಮಂಥವರು ಆ ಎಚ್ಚರಿಕೆಗೆ ಕಿವಿಗೊಡಲಿಲ್ಲ. ಸುತ್ತೋಲೆ ರವಾನೆಯಾದರೆ ಕರ್ತವ್ಯ ಮುಗಿಯಿತೆಂದು ಭಾವಿಸಿದೆವು. ನೆರೆಯ ಮುನ್ನೆಚ್ಚರಿಕೆ ತ್ವರಿತವಾಗಿ, ತಪ್ಪಿಲ್ಲದೆ ತಲುಪಬೇಕು. ಅಲ್ಲಿ ಏಕಮುಖ ಮಾದರಿ ಉಪಯುಕ್ತ. ಆದರೆ ನೆರೆಯಿಂದ ಮನೆ ಕಳೆದುಕೊಂಡವರಿಗೆ ಎಲ್ಲಿ ನೆಲೆ ಕಲ್ಪಿಸಬೇಕೆಂಬುದು ಅವರ ಮಾತನ್ನು ಕೇಳಿದ ಬಳಿಕವೇ ನಿರ್ಧಾರವಾಗಬೇಕು. ಶಾನನ್ ಅರ್ಥವನ್ನು ಹೊರಗಿಟ್ಟದ್ದು ಯಂತ್ರದ ಲೆಕ್ಕಕ್ಕಾಗಿ. ಜನರೊಡನೆ ವ್ಯವಹರಿಸುವ ಸರ್ಕಾರಕ್ಕೆ ಆ ವಿನಾಯಿತಿ ಇಲ್ಲ.