ರಘುನಾಥ ಧೋಂಡೋ ಕರ್ವೆ

ರಘುನಾಥ ಧೋಂಡೋ ಕರ್ವೆ (14 ಜನವರಿ 1882 – 14 ಅಕ್ಟೋಬರ್ 1953) ಭಾರತದಲ್ಲಿ ಸಂತಾನ ನಿಯಂತ್ರಣವನ್ನು ಬಹಿರಂಗವಾಗಿ ಪ್ರತಿಪಾದಿಸಿದ ಮೊದಲಿಗರಲ್ಲಿ ಒಬ್ಬರು. ಸಮಾಜ ಸುಧಾರಕ ಧೋಂಡೋ ಕೇಶವ ಕರ್ವೆಯವರ ಪುತ್ರರು. ಬಾಲ್ಯದಲ್ಲಿಯೇ ಅವರ ತಾಯಿ ರಾಧಾಬಾಯಿ ಹೆರಿಗೆಯಲ್ಲಿ ತೀರಿಕೊಂಡರು.

ಗಣಿತದ ಪ್ರಾಧ್ಯಾಪಕರಾಗಿದ್ದ ಕರ್ವೆ 1921ರಲ್ಲಿ ಮುಂಬಯಿಯಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆದರು. ತಮ್ಮ ವಿಚಾರಗಳಿಗಾಗಿ ವಿಲ್ಸನ್ ಕಾಲೇಜಿನ ಹುದ್ದೆಯನ್ನೇ ಕಳೆದುಕೊಂಡರು. 1927ರಿಂದ ಕೊನೆಯವರೆಗೂ ‘ಸಮಾಜಸ್ವಾಸ್ಥ್ಯ’ ಎಂಬ ಮರಾಠಿ ಮಾಸಿಕವನ್ನು ನಡೆಸಿದರು. ಅಶ್ಲೀಲತೆಯ ಆರೋಪದ ಮೊಕದ್ದಮೆಯೊಂದರಲ್ಲಿ ಬಿ. ಆರ್. ಅಂಬೇಡ್ಕರ್ ಅವರ ಪರವಾಗಿ ವಾದಿಸಿದರು. ಸರ್ಕಾರವೇ ಸಂತಾನ ನಿಯಂತ್ರಣದ ಸೌಲಭ್ಯ ಒದಗಿಸಬೇಕೆಂದು ಅಂಬೇಡ್ಕರರ ಪಕ್ಷವು 1938ರಲ್ಲಿ ಮುಂಬಯಿ ವಿಧಾನಸಭೆಯಲ್ಲಿ ಮಂಡಿಸಿದ ನಿರ್ಣಯಕ್ಕೆ ಸೋಲಾಯಿತು. ಮೈಸೂರು ಸಂಸ್ಥಾನವಾದರೋ 1930ರಲ್ಲಿಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಇಂತಹ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶಿಸಿತ್ತು. ಆಗ ಮೈಸೂರು ಸಂಸ್ಥಾನದ ಹೊರಗಿದ್ದ ವಿಜಯಪುರ, ತಿಕೋಟಾ, ಬಬಲೇಶ್ವರಗಳ ಯುವ ದಂಪತಿಗಳಿಗೆ ಆ ಆದೇಶ ಅನ್ವಯಿಸುತ್ತಿರಲಿಲ್ಲ.

ಕೇಂದ್ರ ಸರ್ಕಾರ 1952ರಲ್ಲಿ ಕುಟುಂಬ ಯೋಜನಾ ಕಾರ್ಯಕ್ರಮವನ್ನು ಆರಂಭಿಸಿತು; ಮರುವರ್ಷ ಕರ್ವೆ ನಿಧನರಾದರು.